ಬೆಂಗಳೂರಿನಲ್ಲಿ ಡೇಕೇರ್ ಶುರು ಮಾಡಲು ನಿಜವಾಗಿ ಯಾವ ಯಾವ ಅನುಮತಿ ಬೇಕು?

ಬನಶಂಕರಿ ಮನೆಯವಳು

ಎಲ್ಲರಿಗೂ ನಮಸ್ಕಾರ. ನಾನು ಮತ್ತು ನನ್ನ ನಾದಿನಿ ಸೇರಿ ಬೆಂಗಳೂರು ದಕ್ಷಿಣದಲ್ಲಿ ಒಂದು ಡೇಕೇರ್ ಶುರು ಮಾಡಬೇಕು ಅಂತಿದ್ದೇವೆ. ನಾದಿನಿ ಮಾಂಟೆಸರಿ ತರಬೇತಿ ಮಾಡಿದ್ದಾಳೆ. ನಾನು ಕಂಪನಿ ಕೆಲಸ ಬಿಟ್ಟಿದ್ದೇನೆ. ಒಂದು ಬಾಡಿಗೆ ಮನೆ ನೋಡಿದ್ದೇವೆ, ನೆಲಮಹಡಿ, ಮುಂದೆ ಸ್ವಲ್ಪ ಖಾಲಿ ಜಾಗ ಇದೆ. ಆರು ತಿಂಗಳ ಕೂಸಿನಿಂದ ಐದು ವರ್ಷದ ಮಕ್ಕಳವರೆಗೆ ತಗೊಳ್ಳುವ ಯೋಚನೆ. ಮಧ್ಯಾಹ್ನದ ಊಟ ನಮ್ಮದೇ.

ಕೇಳಿದ ಕಡೆಯೆಲ್ಲ ಬೇರೆ ಬೇರೆ ಉತ್ತರ ಸಿಗುತ್ತಿದೆ. ಒಬ್ಬರು ಸಣ್ಣ ಉದ್ಯಮಗಳಿಗೆ ಕೊಡುವ ಉದ್ಯಮ್ ಸರ್ಟಿಫಿಕೇಟ್ ಇದ್ದರೆ ಸಾಕು ಅಂದರು. ಒಂದು ಫ್ರಾಂಚೈಸಿಯವರು ನಮ್ಮ ಬ್ರಾಂಡ್ ತಗೊಂಡರೆ ಲೈಸೆನ್ಸ್ ಚಿಂತೆ ಇಲ್ಲ ಅಂದರು. ಇನ್ನೊಬ್ಬರು ಮಕ್ಕಳ ರಕ್ಷಣಾ ಘಟಕದಲ್ಲಿ ನೋಂದಣಿ ಇಲ್ಲದಿದ್ದರೆ ಜೈಲು ಅಂತ ಹೆದರಿಸಿದರು. ನಡೆಸಿ ಗೊತ್ತಿರುವವರು ದಯವಿಟ್ಟು ಹೇಳಿ.

ಕುಕ್ಕರಹಳ್ಳಿ ಕೆರೆ ಪಕ್ಕ

ನಾನು ಮೈಸೂರಿನಲ್ಲಿ ಡೇಕೇರ್ ನಡೆಸುತ್ತೇನೆ. ಒಂದು ಕಚೇರಿಗೆ ಹೋಗಿ ಒಂದು ಅರ್ಜಿ ಕೊಟ್ಟು ತರುವ ಡೇಕೇರ್ ಲೈಸೆನ್ಸ್ ಅಂತ ನಮ್ಮಲ್ಲಿ ಇಲ್ಲ. ಐದಾರು ಕಡೆಯ ಕಾಗದ ಸೇರಿಸಿ ಮಾಡುವ ಕೆಲಸ ಇದು. ಅದಕ್ಕೇ ಒಬ್ಬೊಬ್ಬರು ತಮಗೆ ಗೊತ್ತಿರುವ ಒಂದು ಕಾಗದವನ್ನೇ ಲೈಸೆನ್ಸ್ ಅಂದುಬಿಡುತ್ತಾರೆ.

ಮೊದಲು ವಯಸ್ಸು ತೀರ್ಮಾನ ಮಾಡಿ. ಯಾವ ಇಲಾಖೆ ನಿಮ್ಮನ್ನು ಕೇಳುತ್ತದೆ ಅನ್ನುವುದು ಅದರ ಮೇಲೆ ನಿಂತಿದೆ. ಎಲ್‌ಕೆಜಿ, ಯುಕೆಜಿ ಅಂತ ಬೋರ್ಡ್ ಹಾಕಿ ತರಗತಿ ನಡೆಸಿದರೆ ಅದು ಪೂರ್ವ ಪ್ರಾಥಮಿಕ ಶಾಲೆ. ಕರ್ನಾಟಕ ಶಿಕ್ಷಣ ಕಾಯ್ದೆ 1983ರ ಕೆಳಗೆ ಬರುತ್ತದೆ, ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಗೆ ಹೋಗಬೇಕು. ಮೂರರಿಂದ ಆರು ವರ್ಷದವರ ಪ್ಲೇ ಸ್ಕೂಲ್ ಆದರೆ ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗದ ಮಾರ್ಗಸೂಚಿ ಇದೆ. ಅದರ ಪ್ರಕಾರ ಮೂರು ವರ್ಷ ತುಂಬದ ಮಗುವನ್ನು ಪ್ಲೇ ಸ್ಕೂಲಿಗೆ ಸೇರಿಸುವ ಹಾಗಿಲ್ಲ. 20 ಮಕ್ಕಳಿಗೆ ಒಬ್ಬ ಟೀಚರ್ ಮತ್ತು ಒಬ್ಬ ಆಯಾ ಬೇಕು. ದಿನಕ್ಕೆ ಮೂರು ನಾಲ್ಕು ಗಂಟೆ ಅಷ್ಟೇ.

ಮೂರಕ್ಕಿಂತ ಚಿಕ್ಕವರು, ದಿನವಿಡೀ ಇರುವವರು, ಇವರು ಎರಡರಲ್ಲೂ ಬರುವುದಿಲ್ಲ. ಮಾತು ಬಾರದ ಮಕ್ಕಳ ವಿಷಯದಲ್ಲೇ ಕೇಳುವವರು ಕಡಿಮೆ. ನೀವು ತಗೊಳ್ಳಬೇಕು ಅಂತಿರುವುದೂ ಅವರನ್ನೇ ಅಲ್ವಾ, ಹಾಗಾಗಿ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಸದ್ಯಕ್ಕೆ ನೋಡಲು ಸಿಗುವ ಒಳ್ಳೆಯ ದಾಖಲೆ ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2018ರಲ್ಲಿ ತಂದ ಕ್ರೆಷ್ (ಪೋಷಕರ ಕೆಲಸದ ಹೊತ್ತಿನಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಜಾಗ) ಮಾರ್ಗಸೂಚಿ. ಕಂಪನಿಗಳ ಕ್ರೆಷ್‌ಗೆ ಅಂತ ಬರೆದದ್ದು ನಿಜ. ಆದರೆ ಆರು ತಿಂಗಳಿಂದ ಆರು ವರ್ಷದವರೆಗೆ ಎಲ್ಲವೂ ಅದರಲ್ಲಿದೆ. ಪ್ರಿಂಟ್ ತೆಗೆದು ಇಟ್ಟುಕೊಳ್ಳಿ.

ಕೋರ್ಟ್ ರಸ್ತೆ

ಮಕ್ಕಳ ರಕ್ಷಣಾ ಘಟಕದ ಮಾತಿಗೆ ಉತ್ತರ ಕೊಡುತ್ತೇನೆ, ವಕೀಲೆ ನಾನು. ಹೆದರಿಸಿದವರು ಬಾಲನ್ಯಾಯ ಕಾಯ್ದೆ 2015ರ ಸೆಕ್ಷನ್ 41 ಓದಿರಬೇಕು. ಅಲ್ಲಿ ಹೇಳಿರುವುದು ಅನಾಥ ಮಕ್ಕಳು, ಮನೆ ಬಿಟ್ಟು ಬಂದವರು, ಆರೈಕೆ ಮತ್ತು ರಕ್ಷಣೆ ಬೇಕಾದವರನ್ನು ಇಟ್ಟುಕೊಳ್ಳುವ ಸಂಸ್ಥೆಗಳ ಬಗ್ಗೆ. ಬೆಳಿಗ್ಗೆ ಬಿಟ್ಟು ಸಂಜೆ ಅಪ್ಪ ಅಮ್ಮ ಕರೆದುಕೊಂಡು ಹೋಗುವ ಡೇಕೇರ್‌ಗೆ ಆ ನೋಂದಣಿ ಅಲ್ಲ.

ಆದರೆ ಆ ಕಾಯ್ದೆಯ ಸೆಕ್ಷನ್ 75 ನಿಮಗೆ ಅನ್ವಯ. ಮಗುವನ್ನು ನೋಡಿಕೊಳ್ಳಲು ಒಪ್ಪಿಕೊಂಡ ಸಂಸ್ಥೆಯ ನೌಕರರೋ ನಡೆಸುವವರೋ ಮಗುವಿಗೆ ಹಿಂಸೆ ಕೊಟ್ಟರೆ, ನಿರ್ಲಕ್ಷ್ಯ ಮಾಡಿದರೆ ಐದು ವರ್ಷದವರೆಗೆ ಕಠಿಣ ಶಿಕ್ಷೆ, ಐದು ಲಕ್ಷದವರೆಗೆ ದಂಡ. ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳ ಪೋಕ್ಸೊ ಕಾಯ್ದೆ 2012 ಕೂಡ ಓದಿಕೊಳ್ಳಿ. ಅಪರಾಧ ನಡೆದಿದೆ ಅಂತ ಗೊತ್ತಾದರೆ ಪೊಲೀಸರಿಗೆ ತಿಳಿಸಲೇಬೇಕು. ನಿಮ್ಮ ಸಿಬ್ಬಂದಿ ಮಾಡಿದ್ದನ್ನು ಮುಚ್ಚಿಟ್ಟರೆ ಸಂಸ್ಥೆ ನಡೆಸುವವರಿಗೇ ಒಂದು ವರ್ಷದವರೆಗೆ ಜೈಲು. 2020ರ ಪೋಕ್ಸೊ ನಿಯಮಗಳ ಪ್ರಕಾರ ಮಕ್ಕಳ ಜೊತೆ ಕೆಲಸ ಮಾಡುವ ಎಲ್ಲರ ಪೊಲೀಸ್ ವೆರಿಫಿಕೇಷನ್ ಆಗಬೇಕು. ಒಂದು ಸಲ ಮಾಡಿಸಿ ಕೈಬಿಡುವುದಲ್ಲ, ಆಗಾಗ ಮಾಡಿಸಬೇಕು. ಅಡುಗೆಯವರು, ವ್ಯಾನ್ ಡ್ರೈವರ್, ಸಂಜೆ ನೆಲ ಒರೆಸಲು ಬರುವವರು, ಎಲ್ಲರದ್ದೂ. ರಾಜ್ಯ ಸರ್ಕಾರದ ಸೇವಾ ಸಿಂಧು ಜಾಲತಾಣದಲ್ಲಿ ಅರ್ಜಿ ಹಾಕಬಹುದು.

ಲೆಕ್ಕದ ಮನೆ

ವ್ಯಾಪಾರದ ಕಡೆಯ ಕಾಗದಗಳನ್ನು ನಾನು ಹೇಳುತ್ತೇನೆ. ಉದ್ಯಮ್ ನೋಂದಣಿ ಉಚಿತ, ನೀವೇ ಘೋಷಿಸಿಕೊಳ್ಳುವುದು. ಬ್ಯಾಂಕ್ ಸಾಲಕ್ಕೆ ಉಪಯೋಗ. ಮಕ್ಕಳನ್ನು ಇಟ್ಟುಕೊಳ್ಳಲು ಅದು ಅನುಮತಿ ಅಲ್ಲ. ಫ್ರಾಂಚೈಸಿ ಕರಾರು ಕೂಡ ಅನುಮತಿ ಅಲ್ಲ. ಬೋರ್ಡ್ ಅವರದ್ದು ಇರಬಹುದು, ನೋಟಿಸ್ ಬರುವುದು ನಿಮ್ಮ ಹೆಸರಿಗೆ.

ಪಾಲಿಕೆಯಿಂದ ಉದ್ದಿಮೆ ಪರವಾನಗಿ, ಅಂದರೆ ಟ್ರೇಡ್ ಲೈಸೆನ್ಸ್ ವಿಚಾರಿಸಿ. 2025ರ ಸೆಪ್ಟೆಂಬರ್‌ನಿಂದ ಬಿಬಿಎಂಪಿ ಇಲ್ಲ, ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ಪಾಲಿಕೆ ಆಗಿವೆ. ನಿಮ್ಮ ಬೀದಿ ಯಾವ ಪಾಲಿಕೆಗೆ ಸೇರಿದೆ ನೋಡಿಕೊಳ್ಳಿ. ಆ ರಸ್ತೆಯಲ್ಲಿ ಈ ಚಟುವಟಿಕೆಗೆ ಅವಕಾಶ ಇದೆಯಾ ಅಂತ ಅಡ್ವಾನ್ಸ್ ಕೊಡುವ ಮೊದಲೇ ಕೇಳಿ. ಅಡ್ವಾನ್ಸ್ ಕೊಟ್ಟು, ಗೋಡೆಗೆ ಚಿತ್ರ ಬರೆಸಿ, ಆಮೇಲೆ ವಲಯದ ವಿಷಯ ತಿಳಿದು ಒದ್ದಾಡಿದವರನ್ನು ನೋಡಿದ್ದೇನೆ.

ಬಾಡಿಗೆ ಕರಾರಿನಲ್ಲಿ ಡೇಕೇರ್ ನಡೆಸಲು ಅಂತ ಸ್ಪಷ್ಟವಾಗಿ ಬರೆಸಿ. ಮಾಮೂಲಿ 11 ತಿಂಗಳ ಕರಾರು ನಿಮ್ಮ ಕೆಲಸಕ್ಕೆ ಆಗಲ್ಲ. ಮೂರು ವರ್ಷದ್ದು ಮಾಡಿಸಿ, ಸಬ್ ರಿಜಿಸ್ಟ್ರಾರ್ ಹತ್ತಿರ ನೋಂದಣಿ ಮಾಡಿಸಿ. ಕರೆಂಟ್ ಮನೆ ಬಳಕೆಯ ಮೀಟರ್‌ನಲ್ಲೇ ಮುಂದುವರಿಸಬೇಡಿ, ಬೆಸ್ಕಾಂನಲ್ಲಿ ಕೇಳಿ ಬದಲಿಸಿ. ಆಸ್ತಿ ತೆರಿಗೆ ಜಾಸ್ತಿ ಆಗಬಹುದು. ಅದನ್ನು ಯಾರು ಕಟ್ಟುವುದು ಅಂತ ಓನರ್ ಜೊತೆ ಈಗಲೇ ಮಾತಾಡಿ.

ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ ನೋಂದಣಿ ಕಾರ್ಮಿಕ ಇಲಾಖೆಯ ಇ-ಕಾರ್ಮಿಕ ಜಾಲತಾಣದಲ್ಲಿ ಆಗುತ್ತದೆ, ಕಷ್ಟ ಇಲ್ಲ. ಹತ್ತು ಜನ ಕೆಲಸಕ್ಕೆ ಬಂದರೆ ನೌಕರರ ಆರೋಗ್ಯ ವಿಮೆಯಾದ ಇಎಸ್‌ಐ, 20 ಆದರೆ ಪಿಎಫ್. ಊಟ ಕೊಡುವುದರಿಂದ ಆಹಾರ ಸುರಕ್ಷತಾ ಪ್ರಾಧಿಕಾರದ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು. ಜಿಎಸ್‌ಟಿ ಒಂದು ಮಾತ್ರ ಎಚ್ಚರ. ಪೂರ್ವ ಪ್ರಾಥಮಿಕ ಶಿಕ್ಷಣಕ್ಕೆ ವಿನಾಯಿತಿ ಇದೆ. ಬರೀ ಮಗು ನೋಡಿಕೊಳ್ಳುವ ಸೇವೆಯೂ ಅದರಲ್ಲಿ ತಾನಾಗಿ ಸೇರುತ್ತದೆ ಅಂತ ಅಂದುಕೊಳ್ಳಬೇಡಿ. ವರ್ಷದ ವಹಿವಾಟು 20 ಲಕ್ಷದ ಹತ್ತಿರ ಬರುವ ಮೊದಲೇ ನಿಮ್ಮ ಆಡಿಟರ್ ಹತ್ತಿರ ಬರವಣಿಗೆಯಲ್ಲಿ ಅಭಿಪ್ರಾಯ ತಗೊಳ್ಳಿ.

ಬನಶಂಕರಿ ಮನೆಯವಳು

ತುಂಬಾ ಧನ್ಯವಾದ. ಇನ್ನೂ ಅಡ್ವಾನ್ಸ್ ಕೊಟ್ಟಿಲ್ಲ, ನಾಳೆಯೇ ಪಾಲಿಕೆಗೆ ಹೋಗುತ್ತೇನೆ. ಮೈಸೂರಿನ ಮೇಡಂ, ಎಷ್ಟು ಮಕ್ಕಳಿಗೆ ಎಷ್ಟು ಜನ ಬೇಕು? ಹಾಲ್ 12 ಅಡಿ 15 ಅಡಿ ಇದೆ. ಜೊತೆಗೆ ಎರಡು ರೂಮು, ಅಡುಗೆಮನೆ.

ಕುಕ್ಕರಹಳ್ಳಿ ಕೆರೆ ಪಕ್ಕ

2018ರ ಮಾರ್ಗಸೂಚಿ ಮಗುವಿಗೆ ಕನಿಷ್ಠ 10ರಿಂದ 12 ಚದರ ಅಡಿ ಅನ್ನುತ್ತದೆ. ನಿಮ್ಮ ಹಾಲ್ 180 ಚದರ ಅಡಿ. ಕಾಗದದ ಲೆಕ್ಕಕ್ಕೆ ಆ ಒಂದು ಹಾಲ್‌ನಲ್ಲೇ 15 ಮಕ್ಕಳು ಹಿಡಿಯುತ್ತಾರೆ. ದಯವಿಟ್ಟು ಹಾಗೆ ತುಂಬಬೇಡಿ. ಹಾಸಿಗೆ, ಆಟದ ಸಾಮಾನು, ಬ್ಯಾಗು ಎಲ್ಲ ಇಟ್ಟ ಮೇಲೆ ತೆವಳುವ ಮಗುವಿಗೆ ಜಾಗ ಎಲ್ಲಿ ಉಳಿಯುತ್ತದೆ? ಓಡುವ ಮೂರು ವರ್ಷದವನ ಕಾಲು ಮಲಗಿದ ಕೂಸಿನ ಕೈ ಮೇಲೆ ಬೀಳುತ್ತದೆ. ಒಂದು ರೂಮು ಚಿಕ್ಕವರಿಗೇ ಮೀಸಲಿಡಿ, ಬಾಗಿಲಿಗೆ ಅಡ್ಡಗೇಟು ಹಾಕಿ.

ಜನದ ವಿಷಯ. ಮೂರು ವರ್ಷದೊಳಗಿನ ಹತ್ತು ಮಕ್ಕಳಿಗೆ ಒಬ್ಬರು, ಅದರ ಮೇಲಿನ 20 ಮಕ್ಕಳಿಗೆ ಒಬ್ಬರು ಮತ್ತು ಸಹಾಯಕಿ ಅಂತ ಮಾರ್ಗಸೂಚಿ ಇದೆ. ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ, ಹತ್ತು ಕೂಸುಗಳನ್ನು ಒಬ್ಬಳು ನೋಡಿಕೊಳ್ಳಲು ಸಾಧ್ಯವೇ ಇಲ್ಲ. ಒಂದಕ್ಕೆ ಬಟ್ಟೆ ಬದಲಿಸುವಾಗ ಉಳಿದ ಒಂಬತ್ತನ್ನು ಯಾರು ನೋಡುತ್ತಾರೆ? ಒಂದು ವರ್ಷದೊಳಗಿನ ಮೂರು ಕೂಸಿಗೆ ಒಬ್ಬಳು, ಒಂದರಿಂದ ಮೂರು ವರ್ಷದ ಐದಾರು ಮಕ್ಕಳಿಗೆ ಒಬ್ಬಳು, ಇದು ನಾನು ಇಟ್ಟುಕೊಂಡ ಲೆಕ್ಕ. ಯಾರಾದರೂ ರಜೆ ಹಾಕಿದ ದಿನಕ್ಕೆ ಒಬ್ಬರು ಹೆಚ್ಚಿಗೆ ಬೇಕು. ಫೀಸು ಈ ಲೆಕ್ಕದಿಂದ ತೀರ್ಮಾನ ಆಗಬೇಕು. ಪಕ್ಕದ ಬೀದಿಯವರು ಎಷ್ಟು ತಗೊಳ್ಳುತ್ತಾರೆ ಅಂತ ನೋಡಿ ಫೀಸು ಇಟ್ಟು, ಆಮೇಲೆ ಅದಕ್ಕೆ ತಕ್ಕಂತೆ ಆಯಾಗಳನ್ನು ಕಡಿಮೆ ಮಾಡುವುದು ಅನೇಕ ಕಡೆ ನಡೆಯುತ್ತಿದೆ. ಅದು ತಪ್ಪು.

ಸೈಟ್ ಇಂಜಿನಿಯರ್

ಮನೆ ಬಗ್ಗೆ ನಾನು ನಾಲ್ಕು ಮಾತು ಸೇರಿಸಬಹುದಾ? ಬೆಂಗಳೂರಿನ ಬಾಡಿಗೆ ಮನೆ ಅಂದ ಮೇಲೆ ಸಂಪ್, ಅಂದರೆ ನೆಲದೊಳಗಿನ ನೀರಿನ ತೊಟ್ಟಿ, ಇದ್ದೇ ಇರುತ್ತದೆ, ಅದೂ ಗೇಟ್ ಪಕ್ಕ, ಮಕ್ಕಳು ಓಡಾಡುವ ಜಾಗದಲ್ಲೇ. ಅದರ ತಗಡಿನ ಮುಚ್ಚಳ ತುಕ್ಕು ಹಿಡಿದಿರುತ್ತದೆ. ಟ್ಯಾಂಕರ್ ಬಂದಾಗ ತೆಗೆದು ಹಾಗೇ ಬಿಡುತ್ತಾರೆ. ಗಟ್ಟಿ ಮುಚ್ಚಳ ಹಾಕಿಸಿ, ಬೀಗ ಹಾಕಿ, ಬೀಗದ ಕೈ ಒಬ್ಬರ ಹತ್ತಿರ ಮಾತ್ರ ಇರಲಿ. ಮಕ್ಕಳು ಇರುವ ಹೊತ್ತಿನಲ್ಲಿ ನೀರು ಬಿಡಿಸಲೇಬೇಡಿ. ಬಕೆಟ್ ನೀರು ಕೂಡ ಬಾತ್‌ರೂಮಿನಲ್ಲಿ ತುಂಬಿಡಬೇಡಿ.

ಗ್ಯಾಸ್ ಗೀಸರ್ ಇದ್ದರೆ ತೆಗೆಸಿ. ಯುಪಿಎಸ್ ಬ್ಯಾಟರಿ ಮಕ್ಕಳ ಕೈಗೆ ಸಿಗದ ಕಡೆ ಹೋಗಲಿ. ಪ್ಲಗ್ ಪಾಯಿಂಟ್‌ಗಳನ್ನು ಮೇಲೆ ಏರಿಸಿ, ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಆರ್‌ಸಿಸಿಬಿ ಹಾಕಿಸಿ. ಕಿಟಕಿ ಗ್ರಿಲ್ ಎಲ್ಲಕ್ಕೂ ಬೀಗ ಹಾಕಿದ ಮನೆ ಕಳ್ಳರಿಂದ ಕಾಪಾಡುತ್ತದೆ, ಬೆಂಕಿ ಬಿದ್ದರೆ ಹೊರಗೆ ಹೋಗಲು ಬಿಡುವುದಿಲ್ಲ. ಎರಡನೇ ಬಾಗಿಲು ಇರಲೇಬೇಕು, ಅದರ ಮುಂದೆ ಸ್ಕೂಟರ್ ನಿಲ್ಲಿಸಬಾರದು.

2004ರ ಜುಲೈ 16ರಂದು ಕುಂಭಕೋಣಂ ಶಾಲೆಯಲ್ಲಿ ಅಡುಗೆ ಕೋಣೆಯ ಬೆಂಕಿ ಹುಲ್ಲಿನ ಚಾವಣಿಗೆ ಹತ್ತಿ 94 ಮಕ್ಕಳು ಸತ್ತರು. ಆ ಪ್ರಕರಣದ ಹಿನ್ನೆಲೆಯಲ್ಲೇ 2009ರಲ್ಲಿ ಸುಪ್ರೀಂ ಕೋರ್ಟ್ ಶಾಲೆಗಳ ಅಗ್ನಿ ಸುರಕ್ಷತೆ ಬಗ್ಗೆ ಆದೇಶ ಕೊಟ್ಟಿತು. ನಿಮ್ಮಲ್ಲಿ ಹುಲ್ಲಿನ ಚಾವಣಿ ಇಲ್ಲ ನಿಜ. ಫೋಮ್ ಮ್ಯಾಟು, ಪ್ಲಾಸ್ಟಿಕ್ ಆಟಿಕೆ, ತೂಗುಹಾಕಿದ ಪರದೆ ಎಲ್ಲ ಇರುತ್ತದೆ. ಅಡುಗೆಮನೆ ಮಕ್ಕಳ ಜಾಗದಿಂದ ಪೂರ್ತಿ ಬೇರೆ ಇರಲಿ, ಸಿಲಿಂಡರ್ ಹೊರಗೆ ಇರಲಿ. ಬೆಂಕಿ ಆರಿಸುವ ಸಿಲಿಂಡರ್ ಗೋಡೆಗೆ ತೂಗುಹಾಕಿದರೆ ಮುಗಿಯಲಿಲ್ಲ, ಆಯಾಗಳಿಗೆ ಅದರ ಪಿನ್ ಎಳೆದು ಬಳಸುವುದು ಬರಬೇಕು.

ಎರಡು ಮಕ್ಕಳ ತಾಯಿ

ಪೋಷಕಿಯಾಗಿ ಒಂದು ಮಾತು. ನಾನು ಮಗಳಿಗೆ ಡೇಕೇರ್ ಹುಡುಕುವಾಗ ಒಂದು ಕಡೆ ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸಿದರು. ಒಳಗೆ ಹೋಗಿ ಮಲಗುವ ರೂಮು ನೋಡುತ್ತೇನೆ ಅಂದದ್ದಕ್ಕೆ ಬೇರೆ ಮಕ್ಕಳಿಗೆ ತೊಂದರೆ ಅಂದರು. ವಾಪಸ್ ಬಂದುಬಿಟ್ಟೆ. ಯಾವ ಹೊತ್ತಿಗೆ ಬಂದರೂ ಒಳಗೆ ಬಿಡುತ್ತೇವೆ ಅಂತ ನೀವು ಮೊದಲ ದಿನವೇ ಹೇಳಿ. ಪರವಾನಗಿ, ಸಿಬ್ಬಂದಿಯ ವೆರಿಫಿಕೇಷನ್ ಆದ ದಿನಾಂಕ, 112 ಮತ್ತು ಮಕ್ಕಳ ಸಹಾಯವಾಣಿ 1098, ಹತ್ತಿರದ ಮಕ್ಕಳ ಡಾಕ್ಟರ ನಂಬರ್, ಎಲ್ಲ ಬಾಗಿಲ ಹತ್ತಿರ ಹಾಕಿ. ಮಕ್ಕಳ ಫೋಟೊ ವಾಟ್ಸಾಪ್ ಗುಂಪಿಗೆ ಹಾಕುವ ಮೊದಲು ಪ್ರತಿ ಮನೆಯಿಂದ ಒಪ್ಪಿಗೆ ಬರೆಸಿಕೊಳ್ಳಿ.

ಸನಿವೇಲ್ ಕನ್ನಡತಿ

ಕ್ಯಾಲಿಫೋರ್ನಿಯಾದಲ್ಲಿ ಮನೆಯಲ್ಲೇ ಡೇಕೇರ್ ನಡೆಸುವ ಲೈಸೆನ್ಸ್ ನನ್ನ ಹತ್ತಿರ ಇದೆ. ಇಲ್ಲಿ ನಮ್ಮ ಕಡೆಯ ಅನೇಕ ಹೆಂಗಸರು ಇದನ್ನು ಮಾಡುತ್ತಾರೆ. ಇಲ್ಲಿ ರಾಜ್ಯದ ಒಂದೇ ಇಲಾಖೆ ಕೊಡುತ್ತದೆ. ಚಿಕ್ಕ ಲೈಸೆನ್ಸ್‌ಗೆ ಆರು ಮಕ್ಕಳು, ಕೆಲವು ಷರತ್ತು ಒಪ್ಪಿದರೆ ಎಂಟು. ದೊಡ್ಡದಕ್ಕೆ ಸಹಾಯಕಿ ಇಟ್ಟುಕೊಂಡು 12, ಷರತ್ತಿನ ಮೇಲೆ 14. ಬರೀ ಕೂಸುಗಳಾದರೆ ಚಿಕ್ಕ ಲೈಸೆನ್ಸ್‌ನಲ್ಲಿ ನಾಲ್ಕೇ. ಮನೆಯಲ್ಲಿರುವ ದೊಡ್ಡವರೆಲ್ಲ ಬೆರಳಚ್ಚು ಕೊಡಬೇಕು. ಮಕ್ಕಳ ಪ್ರಥಮ ಚಿಕಿತ್ಸೆ, ಸಿಪಿಆರ್ ತರಬೇತಿ ಆಗಲೇಬೇಕು.

ಮನೆ ಅಲ್ಲದ ದೊಡ್ಡ ಸೆಂಟರ್ ಆದರೆ ನಾಲ್ಕು ಕೂಸಿಗೆ ಒಬ್ಬರು. ಒಳಗೆ ಮಗುವಿಗೆ 35 ಚದರ ಅಡಿ, ಹೊರಗೆ ಆಟಕ್ಕೆ 75. ನಿಮ್ಮ 180 ಚದರ ಅಡಿ ಹಾಲ್‌ನಲ್ಲಿ ಈ ಲೆಕ್ಕಕ್ಕೆ ಐದು ಮಕ್ಕಳು. ಅಷ್ಟು ಜಾಗ ಬೆಂಗಳೂರಿನ ಬಾಡಿಗೆಯಲ್ಲಿ ಕಷ್ಟ, ಅದು ಗೊತ್ತು. ಆದರೆ ಹೇಳದೆ ಕೇಳದೆ ತಪಾಸಣೆಗೆ ಬರುತ್ತಾರೆ, ವರದಿಯನ್ನು ಯಾರು ಬೇಕಾದರೂ ನೋಡಬಹುದು. ಇದಕ್ಕೆ ಚದರ ಅಡಿ ಬೇಕಿಲ್ಲ, ನಮ್ಮ ಊರಿನಲ್ಲೂ ಮಾಡಬಹುದಲ್ವಾ?

ನಿವೃತ್ತ ಮೇಲ್ವಿಚಾರಕಿ

ನಾನು ಅಂಗನವಾಡಿ ಮೇಲ್ವಿಚಾರಕಿಯಾಗಿ ನಿವೃತ್ತಳು. ತಪಾಸಣೆ ಬೇಕು ಅನ್ನುವುದಕ್ಕೆ ನನ್ನದು ಅರ್ಧ ಒಪ್ಪಿಗೆ ಮಾತ್ರ. ನಿಯಮ ಗಟ್ಟಿ ಮಾಡಿದ ಕೂಡಲೇ ಮೊದಲು ಬಾಗಿಲು ಮುಚ್ಚುವವರು ಯಾರು? ತಮ್ಮ ಮನೆಯಲ್ಲೇ ಬೀದಿಯ ನಾಲ್ಕು ಮಕ್ಕಳನ್ನು ನೋಡಿಕೊಳ್ಳುವ ಅಕ್ಕಂದಿರು. ಅವರ ಹತ್ತಿರ ಮಗು ಬಿಟ್ಟು ಹೋಗುವವರು ಮನೆಗೆಲಸದವರು, ಗಾರ್ಮೆಂಟ್ಸ್ ಹೆಣ್ಣುಮಕ್ಕಳು. ದೊಡ್ಡ ಡೇಕೇರ್ ಫೀಸು ಅವರಿಗೆ ಕೈಗೆ ಎಟುಕುವುದಿಲ್ಲ. ಅಕ್ಕಂದಿರ ಮನೆ ಮುಚ್ಚಿದರೆ ಆ ಮಗು ಎಂಟು ವರ್ಷದ ಅಕ್ಕನ ಕಂಕುಳಿಗೆ ಹೋಗುತ್ತದೆ. ಆ ಅಕ್ಕ ಶಾಲೆ ಬಿಡುತ್ತಾಳೆ. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ.

1975ರಲ್ಲಿ ಟಿ. ನರಸೀಪುರದಲ್ಲಿ ಅಂಗನವಾಡಿ ಶುರುವಾದಾಗ ಮೊದಲು ತರಬೇತಿ, ಆಮೇಲೆ ಮೇಲ್ವಿಚಾರಣೆ. ಆಮೇಲೆ ಹಳ್ಳಿಗಳಲ್ಲಿ ನರೇಗಾ ಕೆಲಸಕ್ಕೆ ಹೋಗುವ ತಾಯಂದಿರಿಗಾಗಿ ಕೂಸಿನ ಮನೆ ಅನ್ನುವ ಶಿಶುಪಾಲನಾ ಕೇಂದ್ರಗಳು ಬಂದವು. 2023-24ರ ಬಜೆಟ್‌ನಲ್ಲಿ 4000 ಗ್ರಾಮ ಪಂಚಾಯಿತಿಗಳಿಗೆ ಅಂತ ಘೋಷಿಸಿದರು. ಅಲ್ಲೂ ನೋಡಿಕೊಳ್ಳುವವರು ಊರಿನ ಹೆಣ್ಣುಮಕ್ಕಳೇ, ಅವರಿಗೆ ತರಬೇತಿ ಇದೆ. ಪಟ್ಟಣದ ಬೀದಿಯ ಅಕ್ಕಂದಿರಿಗೂ ಹೀಗೆ ಕಲಿಸಿ, ಆಮೇಲೆ ಕಾಗದ ಕೇಳಿ.

ಕುಕ್ಕರಹಳ್ಳಿ ಕೆರೆ ಪಕ್ಕ

ಅಮ್ಮ, ನೀವು ಹೇಳಿದ್ದು ಸರಿ. ನಾಲ್ಕು ಮಕ್ಕಳ ಮನೆಗೂ 40 ಮಕ್ಕಳ ಕಟ್ಟಡಕ್ಕೂ ಒಂದೇ ಫಾರಂ ಬೇಡ. ಸನಿವೇಲ್‌ನವರು ಹೇಳಿದ ಚಿಕ್ಕ ಲೈಸೆನ್ಸ್, ದೊಡ್ಡ ಲೈಸೆನ್ಸ್ ಕ್ರಮ ನಮಗೂ ಬೇಕು. ಆದರೆ ನಾಲ್ಕೇ ಮಕ್ಕಳಾದರೂ ಎರಡು ವಿಷಯ ಬಿಡಬಾರದು ಅಂತ ನನ್ನ ಮಾತು. ಮನೆಯಲ್ಲಿರುವ ಎಲ್ಲ ದೊಡ್ಡವರ ವೆರಿಫಿಕೇಷನ್, ಮತ್ತು ಗಂಟಲಿಗೆ ಸಿಕ್ಕಿದಾಗ ಏನು ಮಾಡಬೇಕು ಅನ್ನುವ ತರಬೇತಿ. ಕಡಲೆಬೀಜ, ಇಡೀ ದ್ರಾಕ್ಷಿ ಚಿಕ್ಕವರ ತಟ್ಟೆಗೆ ಬರಲೇಬಾರದು. ಇದಕ್ಕೆ ದೊಡ್ಡ ಖರ್ಚಿಲ್ಲ.

ನಿವೃತ್ತ ಮೇಲ್ವಿಚಾರಕಿ

ಅಷ್ಟು ನಾನೂ ಒಪ್ಪುತ್ತೇನೆ ತಾಯಿ. ಅದರ ಜೊತೆ ಲಸಿಕೆ ಕಾರ್ಡ್ ನೋಡುವುದು, ತಿಂಗಳಿಗೊಮ್ಮೆ ತೂಕ ತೆಗೆಯುವುದು ಸೇರಿಸಿ. ಜ್ವರ ಬಂದ ಮಗುವಿಗೆ ತಾಯಿ ಬರೆದು ಕೊಡದೆ ಯಾವ ಸಿರಪ್ಪೂ ಹಾಕಬಾರದು. ಮಲಗಲಿ ಅಂತ ಔಷಧಿ ಹಾಕುವವರು ಇದ್ದಾರೆ, ಹೊಸ ಆಯಾಗಳಿಗೆ ಮೊದಲ ದಿನವೇ ಕಟ್ಟುನಿಟ್ಟಾಗಿ ಹೇಳಿ.

ಪೀಣ್ಯ ಎಚ್‌ಆರ್

ಇನ್ನೊಂದು ದಾರಿ ಹೇಳುತ್ತೇನೆ, ಆದಾಯಕ್ಕೆ ಸಹಾಯ ಆಗುತ್ತದೆ. 2017ರ ಹೆರಿಗೆ ಸೌಲಭ್ಯ ತಿದ್ದುಪಡಿಯಿಂದ 50 ಅಥವಾ ಅದಕ್ಕಿಂತ ಜಾಸ್ತಿ ನೌಕರರಿರುವ ಸಂಸ್ಥೆ ಕ್ರೆಷ್ ಸೌಲಭ್ಯ ಕೊಡಬೇಕು. ತಾಯಿ ದಿನಕ್ಕೆ ನಾಲ್ಕು ಸಲ ಮಗುವನ್ನು ನೋಡಿ ಬರಲು ಬಿಡಬೇಕು. 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ ಜಾರಿಯಾದ ಮೇಲೂ ಆ 50ರ ಸಂಖ್ಯೆ, ನಾಲ್ಕು ಸಲದ ಭೇಟಿ ಹಾಗೇ ಇದೆ. ಫ್ಯಾಕ್ಟರಿಗಳಲ್ಲಿ ಇದು ಹೊಸದೇನಲ್ಲ. 1948ರ ಫ್ಯಾಕ್ಟರಿ ಕಾಯ್ದೆಯಲ್ಲೇ, 1976ರ ತಿದ್ದುಪಡಿ ಆದ ಮೇಲೆ, 30ಕ್ಕಿಂತ ಹೆಚ್ಚು ಹೆಂಗಸರಿದ್ದರೆ ಕ್ರೆಷ್ ಬೇಕು ಅಂತ ಇತ್ತು.

ಸಣ್ಣ ಕಂಪನಿಗಳಿಗೆ ಸ್ವಂತ ಕ್ರೆಷ್ ನಡೆಸಲು ಜಾಗ ಇರುವುದಿಲ್ಲ. ಹತ್ತಿರದ ಡೇಕೇರ್ ಜೊತೆ ಒಪ್ಪಂದ ಮಾಡಿಕೊಳ್ಳುತ್ತವೆ. 2018ರ ಮಾರ್ಗಸೂಚಿ ಕೆಲಸದ ಜಾಗದಿಂದ 500 ಮೀಟರ್ ಒಳಗೆ ಅಂತ ಹೇಳುತ್ತದೆ. ನಿಮ್ಮ ಮನೆಯಿಂದ ಅಷ್ಟು ದೂರದಲ್ಲಿ ಯಾವ ಕಚೇರಿಗಳಿವೆ ನೋಡಿ. ನಾವು ಒಪ್ಪಂದ ಮಾಡುವಾಗ ಇಲ್ಲಿ ಹೇಳಿದ ಎಲ್ಲ ಕಾಗದ ಕೇಳುತ್ತೇವೆ. ಹೋಗಿ ಸಂಪ್ ಮುಚ್ಚಳವನ್ನೂ ನೋಡುತ್ತೇವೆ.

ಬನಶಂಕರಿ ಮನೆಯವಳು

ಇವತ್ತು ಪಾಲಿಕೆ ಕಚೇರಿಗೆ ಹೋಗಿದ್ದೆ. ಅರ್ಜಿಗೆ ಏನೇನು ಬೇಕು ಅಂತ ಹೇಳಿದ್ದಾರೆ, ಓನರ್ ಒಪ್ಪಿಗೆ ಪತ್ರವೂ ಬೇಕಂತೆ. ಓನರ್ ಮೂರು ವರ್ಷದ ಕರಾರಿಗೆ ಒಪ್ಪಿದ್ದಾರೆ, ಸಂಪ್ ಮುಚ್ಚಳವನ್ನೂ ಅವರೇ ಹಾಕಿಸಿಕೊಡುತ್ತಾರಂತೆ. ಹಿಂದಿನ ಬಾಗಿಲಿಗೆ ಅಡ್ಡ ಇದ್ದ ಬೀರು ತೆಗೆಸುತ್ತೇವೆ.

ಎಲ್‌ಕೆಜಿ ಯೋಚನೆ ಈಗ ಬಿಟ್ಟಿದ್ದೇವೆ. ಹನ್ನೆರಡು ಮಕ್ಕಳಿಂದ ಶುರು, ಅದರಲ್ಲಿ ಕೂಸುಗಳು ಮೂರೇ. ನಾವಿಬ್ಬರು, ಇನ್ನಿಬ್ಬರು ಆಯಾ, ಅಡುಗೆಗೆ ಒಬ್ಬರು. ಒಂದೇ ಪ್ರಶ್ನೆ ಉಳಿದಿದೆ. ವ್ಯಾನ್ ಇಡಬೇಕಾ? ಇಬ್ಬರು ಪೋಷಕರು ಈಗಲೇ ಕೇಳುತ್ತಿದ್ದಾರೆ.

ಕುಕ್ಕರಹಳ್ಳಿ ಕೆರೆ ಪಕ್ಕ

ಮೊದಲ ವರ್ಷ ಬೇಡ. ವ್ಯಾನ್ ಅಂದರೆ ಪರ್ಮಿಟ್, ಹಳದಿ ಬೋರ್ಡ್, ಡ್ರೈವರ್ ವೆರಿಫಿಕೇಷನ್, ಜೊತೆಗೆ ಕೂರಲು ಒಬ್ಬ ಆಯಾ. ವೈಟ್ ಬೋರ್ಡ್ ಗಾಡಿಯಲ್ಲಿ ಹೊಂದಿಸಿಕೊಳ್ಳೋಣ ಅಂತ ಪೋಷಕರೇ ಹೇಳಿದರೂ ಒಪ್ಪಬೇಡಿ. ಬಿಡುವವರು, ಕರೆದುಕೊಂಡು ಹೋಗುವವರು ಯಾರು ಅಂತ ಫೋಟೊ ಸಮೇತ ಪ್ರತಿ ಮನೆಯಿಂದ ಬರೆಸಿಕೊಳ್ಳಿ. ಆ ಪಟ್ಟಿಯಲ್ಲಿ ಇಲ್ಲದವರು, ಮಗುವಿನ ಸ್ವಂತ ಮಾವನೇ ಬಂದರೂ, ತಾಯಿಗೆ ಫೋನ್ ಮಾಡಿ ಕೇಳಿದ ಮೇಲೆ ಕಳಿಸಿ. ಟ್ರೇಡ್ ಲೈಸೆನ್ಸ್ ಕೈಗೆ ಬಂದ ಮೇಲೆ ಇಲ್ಲಿ ಬರೆಯಿರಿ, ನಮ್ಮ ದಾಖಲಾತಿ ಫಾರಂ ಕಳಿಸುತ್ತೇನೆ. ಅದರಲ್ಲಿ ಅಲರ್ಜಿ, ಲಸಿಕೆ, ತುರ್ತು ನಂಬರ್ ಎಲ್ಲ ಇದೆ, ನಿಮಗೆ ಬೇಕಾದ ಹಾಗೆ ಬದಲಿಸಿಕೊಳ್ಳಬಹುದು.